ಕ್ಯಾಂಪಿಂಗ್ ಕಾರ್ ಯಾರ್ಡಿನ ಚಳಿಗಾಲಗಳು

ಕುರೋದಾ ಸಾನ್ ಕೊನೆಯ ಸಲ ನಮ್ಮ ಯಾರ್ಡಿಗೆ ಬಂದದ್ದು ಟೈರ್ ಬದಲಿಸಿಕೊಳ್ಳಲು. ನಗೋಯಾದಲ್ಲಿ ಆ ದಿನ ಬಿಸಿಲಿತ್ತು. ಅವರು ನಿವೃತ್ತರಾಗಿ ಕೆಲವು ವರ್ಷ ಕಳೆದಿದ್ದವು, ಆದರೂ ಗ್ರಾಹಕರಿಗೆಂದು ಇಟ್ಟ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಬಂದವರೇ ಶೆಡ್ಡಿಗೆ ನುಗ್ಗಿ, ನೆಲದ ಮೇಲೆ ಬಿದ್ದ ಸ್ಪ್ಯಾನರನ್ನು ಎತ್ತಿ ಅದರ ಕೊಕ್ಕೆಗೆ ತೂಗುಹಾಕಿ, ಆಮೇಲೆ ನಮಸ್ಕಾರ ಹೇಳುತ್ತಿದ್ದರು. ನಾನು ಗಾಡಿಗೆ ಜ್ಯಾಕ್ ಕೊಟ್ಟೆ. ಅವರು ನಟ್ಟು ಬಿಚ್ಚಲು ಕೂತರು. ಈಗ ನೀವು ಗ್ರಾಹಕರು, ಹೋಗಿ ಕಾಫಿ ಕುಡಿಯಿರಿ ಅಂದೆ.

"ನೀನು ನಟ್ಟು ಬಿಗಿಮಾಡೋದನ್ನ ನಾನು ನೋಡಿದ್ದೀನಿ, ಬಸು ಸಾನ್. ಅದಕ್ಕೇ ಹೋಗಲ್ಲ" ಅಂದರು.

ಹಿದಾ ಬೆಟ್ಟಗಳ ಕಡೆ ನಾಲ್ಕಾರು ದಿನ ತಿರುಗಿ, ಬಿಸಿನೀರಿನ ಬುಗ್ಗೆಗಳಲ್ಲಿ ಕೂತು ಬರುತ್ತೇನೆ ಎಂದು ಹೇಳಿದರು. ಅವರ ಹೆಂಡತಿ ಮಿಚಿಕೋ ಸಾನ್ ಮಂಡಿನೋವಿನಿಂದ ಚಳಿಗಾಲದಲ್ಲಿ ಜೊತೆಗೆ ಹೋಗುತ್ತಿರಲಿಲ್ಲ. ನಮಗೊಂದು ಚೀಲ ಕಿತ್ತಳೆ ಕೊಟ್ಟರು. ಹೊರಟಾಗ ನಾನು ಇಲ್ಲಿಯ ರೂಢಿಯಂತೆ ಗೇಟಿನ ಹೊರಗೆ ಬಂದು, ಗಾಡಿ ಕಣ್ಮರೆಯಾಗುವ ತನಕ ತಲೆಬಾಗಿ ನಿಲ್ಲಬೇಕಿತ್ತು. ಆದರೆ ಮುಂದಿನ ಸಿಗ್ನಲ್ ಕೆಂಪಾಯಿತು. ಅವರು ಅಲ್ಲೇ ನಿಂತರು, ನಾನು ಇಲ್ಲೇ ನಿಂತೆ. ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ, ಒಳಗೆ ಹೋಗು, ಒಳಗೆ ಹೋಗು ಎಂದು ಬೀಸಿದರು. ನಾನು ಮತ್ತೆ ತಲೆಬಾಗಿದೆ. ಅವರೂ ಸೀಟಿನಲ್ಲೇ ತಲೆಬಾಗಿದರು. ಸಿಗ್ನಲ್ ಹಸಿರಾಗುವವರೆಗೆ ಇಬ್ಬರದೂ ಇದೇ ಆಯಿತು.

ಇದಾದ ಮೇಲೆ ನಾನು ಒಂದೇ ಒಂದು ಚಳಿಗಾಲ ಕೆಲಸ ಮಾಡಿ ನಿವೃತ್ತನಾದೆ. ಈಗ ಮನೆಯಲ್ಲಿದ್ದೇನೆ. ಒಂದು ಕಡೆ ಕೂರಲು ಆಗುವುದಿಲ್ಲ. ಸಂಜೆಯಾದರೆ ಹಿದಾ ಇರುವ ಗಿಫು ಸೀಮೆಯ ಬೆಟ್ಟಗಳ ಹವಾಮಾನ ನೋಡುತ್ತೇನೆ, ಟಿವಿಯಲ್ಲಿ ಹೆದ್ದಾರಿಯ ಕ್ಯಾಮೆರಾ ಚಿತ್ರಗಳನ್ನು ನೋಡುತ್ತೇನೆ. ಯಾವ ಗಾಡಿಯೂ ಈಗ ನನ್ನ ಜವಾಬ್ದಾರಿಯಲ್ಲ ಎಂದು ಮನೆಯವಳು ನೆನಪಿಸುತ್ತಾಳೆ. ನಗೋಯಾ ಸುತ್ತಮುತ್ತ ನಮ್ಮೂರಿನ ಹುಡುಗ ಹುಡುಗಿಯರು ಈಗ ಗಾಡಿಗಳ ಸರ್ವೀಸಿಗೆ, ಬಾಡಿಗೆ ಕಂಪನಿಗಳಿಗೆ ಕೆಲಸಕ್ಕೆ ಸೇರುತ್ತಿದ್ದಾರೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ. ಜಪಾನಿ ಭಾಷೆಯಲ್ಲಿ ಜಗಳವಾಡುವಷ್ಟು ಕಲಿತಿದ್ದೇನೆ, ಆದರೆ ಇಂಥದ್ದನ್ನು ಬರೆಯಲು ಕನ್ನಡವೇ ಬೇಕಾಯಿತು.

ನಾನು ದೊಡ್ಡ ಓದು ಓದಿದವನಲ್ಲ. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ ಒಂದು ಬಸ್ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿದ್ದೆ. ತರಬೇತಿಗೆಂದು ಇಲ್ಲಿಗೆ ಬಂದೆ, ವ್ಯಾನುಗಳನ್ನು ಕ್ಯಾಂಪಿಂಗ್ ಕಾರುಗಳಾಗಿ ಮಾರ್ಪಡಿಸುವ ಒಂದು ಸಣ್ಣ ಕಂಪನಿಯಲ್ಲಿ ಉಳಿದುಕೊಂಡೆ. ಗಾಡಿಯೊಳಗೆ ಹಾಸಿಗೆ, ಒಲೆ, ಸಿಂಕು, ಹೀಟರ್ ಕೂರಿಸುವುದು, ಅವನ್ನು ಮಾರುವುದು, ಬಾಡಿಗೆಗೆ ಕೊಡುವುದು, ದಾರಿಯಲ್ಲಿ ಕೆಟ್ಟು ನಿಂತರೆ ಹೋಗಿ ತರುವುದು, ಇಷ್ಟೂ ನಮ್ಮ ಕೆಲಸ. ಕುರೋದಾ ಸಾನ್ ಯಾರ್ಡಿನ ಮುಖ್ಯಸ್ಥರು. ನನ್ನ ಹೆಸರು ಬಸವರಾಜ ಎಂದು ಹೇಳಿದಾಗ ಅವರು ಎರಡೇ ಅಕ್ಷರ ಇಟ್ಟುಕೊಂಡು, ಇಲ್ಲಿ ಎಲ್ಲರ ಹೆಸರಿಗೂ ಗೌರವಕ್ಕೆ ಸೇರಿಸುವ ಸಾನ್ ಹಚ್ಚಿದರು. ಇಲ್ಲಿ ಬಸ್ಸಿಗೂ ಬಸು ಅನ್ನುತ್ತಾರೆ. ಬಸ್ ಕಟ್ಟುವವನ ಹೆಸರೂ ಬಸ್ಸು ಎಂದು ಮೊದಲ ದಿನವೇ ಇಡೀ ಶೆಡ್ಡು ನಕ್ಕಿತು.

ಚಳಿಗಾಲದಲ್ಲಿ ಜನ ಯಾಕೆ ಪ್ರಯಾಣ ಹೋಗುತ್ತಾರೆ ಎಂದು ನನಗೆ ಆಗ ಅರ್ಥವಾಗುತ್ತಿರಲಿಲ್ಲ. ನಗೋಯಾದಲ್ಲಿ ಹಿಮ ಬೀಳುವುದು ಅಪರೂಪ. ಎರಡು ಗಂಟೆ ಉತ್ತರಕ್ಕೆ ಹೋದರೆ ಮಾತ್ರ ಆಳೆತ್ತರದ ಹಿಮ. ನಮ್ಮ ಗ್ರಾಹಕರ ತೊಂದರೆಯೆಲ್ಲ ಈ ಎರಡು ಗಂಟೆಯಲ್ಲಿತ್ತು. ಹೊರಡುವಾಗ ಬಿಸಿಲು, ಸ್ವೆಟರ್ ಕೂಡ ಬೇಡ. ಒಂದು ಉದ್ದ ಸುರಂಗದ ಈ ಬದಿಯಲ್ಲಿ ರಸ್ತೆ ಒಣಗಿರುತ್ತದೆ, ಆ ಬದಿಯಲ್ಲಿ ಬಿಳಿ. ಸುರಂಗದಿಂದ ಹೊರಬರುವಾಗ ಬ್ರೇಕ್ ಒತ್ತಬೇಡಿ, ಮೊದಲೇ ನಿಧಾನ ಮಾಡಿ ಎಂದು ನಾವು ಹೇಳುತ್ತಿದ್ದೆವು. ಸೇತುವೆಯ ಮೇಲೆ ಕಪ್ಪಗೆ, ಒದ್ದೆಯಾದಂತೆ ಕಾಣುವುದು ನೀರಲ್ಲ, ಮಂಜುಗಡ್ಡೆ ಎಂದು ಹೇಳುತ್ತಿದ್ದೆವು. ಎಲ್ಲರೂ ತಲೆಯಾಡಿಸುತ್ತಿದ್ದರು. ತಲೆಯಾಡಿಸಿದವರು ಕೇಳಿಸಿಕೊಂಡಿದ್ದಾರೆ ಎಂದುಕೊಳ್ಳಬೇಡ ಎನ್ನುವುದು ಕುರೋದಾ ಸಾನ್ ನನಗೆ ಕೊಟ್ಟ ಮೊದಲ ಎಚ್ಚರಿಕೆ.

ಗಾಡಿ ಒಪ್ಪಿಸುವಾಗ ಅವರು ತಮ್ಮದೇ ಪೆದ್ದುತನದ ಕಥೆಯಿಂದ ಶುರುಮಾಡುತ್ತಿದ್ದರು. ಒಮ್ಮೆ ನಗೋಯಾದಲ್ಲೇ ಡೀಸೆಲ್ ಟ್ಯಾಂಕು ತುಂಬಿಸಿಕೊಂಡು ತಕಾಯಾಮಾಗೆ ಹೋಗಿ ಮಲಗಿದ್ದರು. ಬೆಳಿಗ್ಗೆ ಇಂಜಿನ್ ಹತ್ತಲಿಲ್ಲ. ಬೆಚ್ಚಗಿನ ಊರಿನಲ್ಲಿ ಮಾರುವ ಡೀಸೆಲ್ ಬೆಟ್ಟದ ಚಳಿಗೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಅಲ್ಲಿಯ ಬಂಕುಗಳಲ್ಲಿ ಚಳಿಗೆಂದೇ ಬೇರೆ ಡೀಸೆಲ್ ಇರುತ್ತದೆ, ಆದ್ದರಿಂದ ಅರ್ಧ ಟ್ಯಾಂಕಿನಲ್ಲಿ ಹೊರಟು ಉಳಿದದ್ದನ್ನು ಬೆಟ್ಟದ ಮೇಲೆ ತುಂಬಿಸಬೇಕು. ಯಾರ್ಡಿನ ಮುಖ್ಯಸ್ಥನೇ ಟೋ ಟ್ರಕ್ಕಿನ ಹಿಂದೆ ಕಟ್ಟಿಸಿಕೊಂಡು ಊರಿಡೀ ಮೆರವಣಿಗೆ ಬಂದದ್ದನ್ನು ಅವರು ನಟಿಸಿ ತೋರಿಸುತ್ತಿದ್ದರು, ಮುಖ ಮುಚ್ಚಿಕೊಂಡು, ಸೀಟಿನಲ್ಲಿ ಕುಗ್ಗಿಕೊಂಡು. ಗ್ರಾಹಕರು ನಗುತ್ತಿದ್ದರು. ನಕ್ಕವರು ಡೀಸೆಲ್ ವಿಷಯ ಮರೆಯುತ್ತಿರಲಿಲ್ಲ.

ಇದು ಅವರ ಪಾಠದ ರೀತಿ. ಬಾಯಲ್ಲಿ ಹೇಳುವುದು ಕಡಿಮೆ, ಕೈಯಲ್ಲಿ ಮಾಡಿಸುವುದು ಹೆಚ್ಚು. ಹಿಮದಲ್ಲಿ ನಿಲ್ಲಿಸುವಾಗ ವೈಪರ್ ಎತ್ತಿ ನಿಲ್ಲಿಸುವುದನ್ನು ಗ್ರಾಹಕರ ಕೈಯಿಂದಲೇ ಮಾಡಿಸುತ್ತಿದ್ದರು. ಹ್ಯಾಂಡ್‌ಬ್ರೇಕ್ ಎಳೆದರೆ ಚಳಿಗೆ ಹಿಡಿದುಕೊಳ್ಳುತ್ತದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡೆ ಇಡಿ ಎಂದು ಅಡೆಯನ್ನೂ ಅವರಿಂದಲೇ ಇಡಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಚಿಕ್ಕ ಕೊಳವೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಿಮ ಸುರಿಯುವಾಗ ಇಂಜಿನ್ ಓಡಿಸುತ್ತಾ ಒಳಗೆ ಕೂತರೆ ಹಿಂದಿನ ಸೈಲೆನ್ಸರ್ ಕೊಳವೆ ಮುಚ್ಚಿ, ವಿಷದ ಹೊಗೆ ಒಳಗೆ ಬರುತ್ತದೆ. ಇದು ಇಲ್ಲಿ ಎಲ್ಲರಿಗೂ ಗೊತ್ತು, ಟಿವಿಯಲ್ಲಿ ಪ್ರತಿವರ್ಷ ಹೇಳುತ್ತಾರೆ. ಕ್ಯಾಂಪಿಂಗ್ ಕಾರಿನಲ್ಲಿ ಇನ್ನೊಂದು ಕೊಳವೆ ಇದೆ. ಒಳಗಿನ ಹೀಟರ್ ಇಂಜಿನ್ ನಿಂತಿದ್ದಾಗಲೂ ಇಂಧನ ಉರಿಸುತ್ತದೆ. ಅದರ ಹೊಗೆ ಹೋಗಲು ಗಾಡಿಯ ಪಕ್ಕದಲ್ಲಿ, ಕೆಳಗೆ, ಹೆಬ್ಬೆರಳಿನಷ್ಟು ದಪ್ಪದ ಕೊಳವೆ. ಅದರ ಸುತ್ತ ಹಿಮ ಗೋಡೆ ಕಟ್ಟಿದರೆ ಹೊಗೆ ಗಾಡಿಯ ಅಡಿಯಲ್ಲೇ ತುಂಬಿ, ನೆಲದ ಸಂದಿಗಳಿಂದ ಮೇಲೆ ಬರುತ್ತದೆ. ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ಇಂಜಿನ್ ಆಫ್ ಇದೆ ಅಲ್ಲವೇ, ಇನ್ನೇನು ಭಯ ಎಂದು ಜನ ಮಲಗುತ್ತಾರೆ. ರಸ್ತೆ ತಂಗುದಾಣಗಳಲ್ಲಿ ಇಂಜಿನ್ ನಿಲ್ಲಿಸಿ ಮಲಗುವುದು ಸಭ್ಯತೆ. ಪಕ್ಕದ ಗಾಡಿಯವರ ನಿದ್ದೆ ಕೆಡಬಾರದು. ಹಾಗಾಗಿ ಇಲ್ಲಿ ಸಭ್ಯರಾದವರೆಲ್ಲ ಹೀಟರಿನ ಮೇಲೆಯೇ ರಾತ್ರಿ ಕಳೆಯುತ್ತಾರೆ.

ಕುರೋದಾ ಸಾನ್ ಪ್ರತಿ ಗ್ರಾಹಕರನ್ನೂ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರಿಸಿ, "ಚಿಕ್ಕ ಕೊಳವೆ ಎಲ್ಲಿದೆ, ಮುಟ್ಟಿ ತೋರಿಸಿ" ಎನ್ನುತ್ತಿದ್ದರು. ಸೂಟು ಹಾಕಿದವರು, ಮಗು ಎತ್ತಿಕೊಂಡವರು, ಅಜ್ಜಂದಿರು, ಯಾರಿಗೂ ವಿನಾಯಿತಿ ಇರಲಿಲ್ಲ. ಆಮೇಲೆ ಎಲ್ಲರನ್ನೂ ಗಾಡಿಯೊಳಗೆ ಕೂರಿಸಿ ಬಾಗಿಲು ಹಾಕಿ, ವಿಷಗಾಳಿಯ ಅಲಾರಂನ ಪರೀಕ್ಷೆ ಗುಂಡಿ ಒತ್ತುತ್ತಿದ್ದರು. ಆ ಸಣ್ಣ ಪೆಟ್ಟಿಗೆಯ ಕೂಗು ಕಿವಿ ಸೀಳುವಂಥದ್ದು. ಮಕ್ಕಳು ಅಳುತ್ತಿದ್ದರು. ಈ ಸದ್ದು ಕೇಳಿದರೆ ಚಪ್ಪಲಿ ಹುಡುಕಬೇಡಿ, ಬಾಗಿಲು ತೆಗೆದು ಹೊರಗೆ ಬನ್ನಿ ಎಂದು ಹೇಳಿ ಎಲ್ಲರನ್ನೂ ಬರಿಗಾಲಲ್ಲಿ ಯಾರ್ಡಿಗೆ ಇಳಿಸುತ್ತಿದ್ದರು. ಬೂಟು ಬಿಚ್ಚಿ ಒಳಗೆ ಹೋಗುವ, ಬೂಟು ಹಾಕಿಕೊಂಡೇ ಹೊರಗೆ ಬರುವ ಜನ ಇವರು. ಬರಿಗಾಲಲ್ಲಿ ಸಿಮೆಂಟಿನ ಮೇಲೆ ನಿಂತಾಗ ಅವರ ಮುಖದಲ್ಲಿ ಕಾಣುತ್ತಿದ್ದ ಮುಜುಗರವೇ ಪಾಠ ಎಂದು ಕುರೋದಾ ಸಾನ್ ಹೇಳುತ್ತಿದ್ದರು.

ನಮ್ಮ ಕನ್ನಡದ ಗ್ರಾಹಕರು ಹೆಚ್ಚಾಗಿ ಬಂದದ್ದು ಆಮೇಲಿನ ವರ್ಷಗಳಲ್ಲಿ. ಕಾರು ಕಂಪನಿಗಳ ಇಂಜಿನಿಯರುಗಳು, ಸಾಫ್ಟ್‌ವೇರಿನವರು. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಹಿಮ ತೋರಿಸಬೇಕು ಎಂದು ಗಾಡಿ ಕೇಳುತ್ತಿದ್ದರು. ಹಾಸನದ ಹರೀಶ್ ಅವರಲ್ಲೊಬ್ಬ. ಒಂದು ಭಾನುವಾರ ಶಿರಾಕಾವಾದ ದಾರಿಯಿಂದ ಫೋನ್ ಮಾಡಿದ. "ಅಂಕಲ್, ಚೈನ್ ಹಾಕಿದೀನಿ, ಆದ್ರೂ ಗಾಡಿ ಮೂವ್ ಆಗ್ತಿಲ್ಲ. ವೀಲ್ ಸುಮ್ನೆ ಸ್ಪಿನ್ ಆಗ್ತಿದೆ."

ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಆ ಚೈನನ್ನು ಯಾವ ಚಕ್ರಕ್ಕೆ ಹಾಕಿದಿರಿ ಎಂದು ಕೇಳಿದೆ. ಫ್ರಂಟ್, ಆಬ್ವಿಯಸ್ಲಿ ಅಂದ. ತಿರುಗುತ್ತಿರುವುದು ಯಾವುದು ಎಂದು ಕೇಳಿದೆ. ಹಿಂದಿನಿಂದ ಅವನ ಮಗಳ ದನಿ ಕೇಳಿಸಿತು. "ಪಾಪಾ, ಹಂತಾಯ್." ಉಲ್ಟಾ ಎಂದು ಅರ್ಥ. ಆ ಮಗು ಕನ್ನಡದಲ್ಲಿ ನಾವು ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡು ಜಪಾನಿಯಲ್ಲಿ ತೀರ್ಪು ಕೊಟ್ಟಿತ್ತು. ಅವನ ಸ್ವಂತ ಕಾರಿನಲ್ಲಿ ಮುಂದಿನ ಚಕ್ರ ಎಳೆಯುತ್ತದೆ, ನಮ್ಮ ವ್ಯಾನಿನಲ್ಲಿ ಹಿಂದಿನದು. "ಯಾರಿಗೂ ಹೇಳ್ಬೇಡಿ ಅಂಕಲ್" ಅಂದ ಹರೀಶ್. "ನಾನು ಇರೋದೇ ಟ್ರಾನ್ಸ್‌ಮಿಷನ್ ಡಿಪಾರ್ಟ್‌ಮೆಂಟು." ಮುಂದಿನ ಸಲ ಗಾಡಿ ಒಯ್ಯಲು ಬಂದಾಗ ಅವನೇ ಕುರೋದಾ ಸಾನ್ ಎದುರು ಈ ಕಥೆ ಹೇಳಿದ. ಅವರು ಅದನ್ನು ತಮ್ಮ ಡೀಸೆಲ್ ಕಥೆಯ ಪಕ್ಕದಲ್ಲಿ ಸೇರಿಸಿಕೊಂಡರು.

ಇನ್ನೊಂದು ಕಥೆಯನ್ನೂ ಅವರು ಹೇಳುತ್ತಿದ್ದರು, ಆದರೆ ಗ್ರಾಹಕರಿಗಲ್ಲ, ಶೆಡ್ಡಿನಲ್ಲಿ ನಮಗೆ. ನಿವೃತ್ತರಾದ ಮೇಲೆ ತಾವೇ ಕಟ್ಟಿಕೊಂಡ ಗಾಡಿಯಲ್ಲಿ ಮೊದಲ ಸಲ ಒಂದು ತಂಗುದಾಣದಲ್ಲಿ ಉಳಿದಿದ್ದರು. ಪಕ್ಕದಲ್ಲಿ ಸಾಲಾಗಿ ಗಾಡಿಗಳು, ಎಲ್ಲರೂ ಮಲಗಿದ್ದಾರೆ. ಇವರಿಗೆ ಹಸಿವಾಗಿ, ಕಿಟಕಿ ಹಾಕಿಕೊಂಡು ಸಣ್ಣ ಒಲೆಯ ಮೇಲೆ ಅಕ್ಕಿ ಕಡುಬಿನಂಥ ಮೋಚಿ ಸುಡಲು ಹೊರಟರು. ಅಲಾರಂ ಕೂಗಿಕೊಂಡಿತು. ಎದ್ದುಬಿದ್ದು ಆರಿಸುವಷ್ಟರಲ್ಲಿ ಸಾಲಿನ ಗಾಡಿಗಳಲ್ಲೆಲ್ಲ ದೀಪ ಹತ್ತಿತು. ಕುರೋದಾ ಸಾನ್ ಹಿಮದಲ್ಲಿ ಒಂದೊಂದು ಗಾಡಿಯ ಮುಂದೆಯೂ ನಿಂತು ತಲೆಬಾಗಿ ಸುಮಿಮಾಸೆನ್, ಕ್ಷಮಿಸಿ ಎಂದು ಹೇಳಿಕೊಂಡು ಬಂದರಂತೆ. ಬೆಳಿಗ್ಗೆ ತಂಗುದಾಣದ ಅಂಗಡಿ ತೆಗೆಯುವುದನ್ನೇ ಕಾದು, ಸೇಬು ಕೊಂಡು ಪ್ರತಿ ಗಾಡಿಗೂ ಹಂಚಿದರಂತೆ. ಇಷ್ಟು ವರ್ಷ ಗ್ರಾಹಕರ ಕಿವಿ ಹರಿದದ್ದಕ್ಕೆ ಶಿಕ್ಷೆ ಎಂದು ನಾವು ತಮಾಷೆ ಮಾಡಿದೆವು. ಅದಾದ ಮೇಲೆ ತಂಗುದಾಣಗಳಲ್ಲಿ ಅಲಾರಂ ಪೆಟ್ಟಿಗೆಗೆ ಟವೆಲ್ ಸುತ್ತಿ ಹಾಸಿಗೆಯ ಕೆಳಗಿನ ಕಪಾಟಿನಲ್ಲಿ ಇಡುತ್ತೇನೆ, ಸದ್ದು ನನಗೆ ಮಾತ್ರ ಕೇಳುವಷ್ಟಿರುತ್ತದೆ ಎಂದರು. ನಾವು ನಕ್ಕೆವು. ನಾನೂ ನಕ್ಕೆ. ಅವರು ಹೇಳಿದ್ದನ್ನು ಗ್ರಾಹಕರೊಬ್ಬರು ಹೇಳಿದ್ದರೆ ಅವರೇ ಎಷ್ಟು ಕೂಗಾಡುತ್ತಿದ್ದರು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಅವರು ಕಿತ್ತಳೆ ಕೊಟ್ಟುಹೋದ ವಾರವೇ ಮಿಚಿಕೋ ಸಾನ್ ಫೋನ್ ಮಾಡಿದರು. ಕೆಲಸದ ಹೊತ್ತಿನಲ್ಲಿ ತೊಂದರೆ ಕೊಡುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳಿದರು. ಆಮೇಲೆ, ಹಿದಾದ ಒಂದು ತಂಗುದಾಣದಲ್ಲಿ ಬೆಳಿಗ್ಗೆ ಹಿಮ ತೆಗೆಯಲು ಬಂದ ಸಿಬ್ಬಂದಿ ಕುರೋದಾ ಗಾಡಿಯ ಬಾಗಿಲು ಬಡಿದರು, ಅವರು ಏಳಲಿಲ್ಲ ಎಂದು ಹೇಳಿದರು. ನಾನು ಏನು ಉತ್ತರಿಸಿದೆನೋ ನೆನಪಿಲ್ಲ. ನನ್ನ ಬಾಯಿಂದ ಕನ್ನಡ ಬಂದಿರಬೇಕು, ಯಾಕೆಂದರೆ ಅವರು ಮೆತ್ತಗೆ, ಅರ್ಥವಾಗಲಿಲ್ಲ ಬಸು ಸಾನ್ ಅಂದರು.

ಪೊಲೀಸರು ತಮ್ಮ ಕೆಲಸ ಮುಗಿಸಿದ ಮೇಲೆ ಗಾಡಿಯನ್ನು ನಮ್ಮ ಯಾರ್ಡಿಗೆ ತರಿಸಬೇಕೆಂದು ಮಿಚಿಕೋ ಸಾನ್ ಕೇಳಿಕೊಂಡರು. ನಾನೇ ಹೋಗಿ ತಂದೆ. ತಂಗುದಾಣದ ಸಿಬ್ಬಂದಿ ನನಗೆ ಜಾಗ ತೋರಿಸಿ, ಕಂಡದ್ದನ್ನು ಹೇಳಿದರು. ಹಿಮದ ಸಲಿಕೆ ಗಾಡಿಯ ಪಕ್ಕದಲ್ಲಿ, ಚಿಕ್ಕ ಕೊಳವೆ ಇರುವ ಕಡೆ ನೆಟ್ಟಗೆ ನಿಂತಿತ್ತಂತೆ. ಅಂದರೆ ಮಲಗುವ ಮುನ್ನ ಕುರೋದಾ ಸಾನ್ ಹೊರಗೆ ಬಂದು ಅಲ್ಲಿ ತೆರವು ಮಾಡಿದ್ದಾರೆ. ಆಮೇಲೆ ಒಳಗಿನ ಬಿಸಿಗೆ ಛಾವಣಿಯ ಹಿಮ ಸಡಿಲಾಗಿ, ಒಂದೇ ಸಲ ಜಾರಿ ಅದೇ ಪಕ್ಕಕ್ಕೆ ಬಿದ್ದಿದೆ. ಕೊಳವೆಯ ಬಾಯಿ ಪೂರ್ತಿ ಮುಚ್ಚಿದ್ದರೆ ಹೀಟರ್ ತಾನೇ ನಿಂತುಬಿಡುತ್ತಿತ್ತು. ಪೂರ್ತಿ ಮುಚ್ಚಿರಲಿಲ್ಲ. ಸುತ್ತ ಗೋಡೆ ಮಾತ್ರ ಕಟ್ಟಿತ್ತು. ಬೆಳಿಗ್ಗೆ ಅವರು ಬರುವಷ್ಟರಲ್ಲಿ ಇಂಧನ ಮುಗಿದು ಹೀಟರ್ ನಿಂತು, ವಿಷಗಾಳಿ ಚದುರಿತ್ತು, ಒಳಗಿನಿಂದ ಯಾವ ಸದ್ದೂ ಇರಲಿಲ್ಲವಂತೆ.

ಪಕ್ಕದಲ್ಲಿ ಎಷ್ಟು ಗಾಡಿಗಳಿದ್ದವು ಎಂದು ಕೇಳಿದೆ. ಹಿಮದ ಎಚ್ಚರಿಕೆ ಇದ್ದದ್ದರಿಂದ ಆ ರಾತ್ರಿ ಬೇರೆ ಯಾರೂ ಉಳಿದಿರಲಿಲ್ಲ, ಇದೊಂದೇ ಗಾಡಿ ಎಂದರು.

ಯಾರ್ಡಿನಲ್ಲಿ ಹಾಸಿಗೆ ಎತ್ತಿ ಕಪಾಟು ತೆಗೆದೆ. ಅಲಾರಂ ಅಲ್ಲೇ ಇತ್ತು, ಟವೆಲಿನಲ್ಲಿ ಸುತ್ತಿ. ನಿದ್ದೆ ಕೆಡಲು ಆ ತಂಗುದಾಣದಲ್ಲಿ ಯಾರೂ ಇಲ್ಲದಿದ್ದರೂ ಸುತ್ತಿಟ್ಟಿದ್ದರು. ಟವೆಲ್ ಬಿಚ್ಚಿ ಗುಂಡಿ ಒತ್ತಿದೆ. ಕೂಗಿತು. ಬ್ಯಾಟರಿ ಸರಿಯಾಗಿತ್ತು. ಶೆಡ್ಡಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿದರು. ನಾನು ಗುಂಡಿಯಿಂದ ಬೆರಳು ತೆಗೆದ ಮೇಲೂ ಯಾರೂ ಕೆಲಸ ಶುರುಮಾಡಲಿಲ್ಲ.

ಅಂತ್ಯಕ್ರಿಯೆಯೆಲ್ಲ ಮುಗಿದ ಮೇಲೆ ಮಿಚಿಕೋ ಸಾನ್ ಯಾರ್ಡಿಗೆ ಬಂದರು. ಗಾಡಿಯ ಮೆಟ್ಟಿಲ ಮೇಲೆ ಕೈಯಿಟ್ಟು ನಿಂತು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಬಸು ಸಾನ್, ಅದು ಕೂಗಿತಾ?"

ಅವರಿಗೆ ಅದು ಯಾಕೆ ಬೇಕು ಎಂದು ನನಗೆ ಅರ್ಥವಾಯಿತು. ಕೂಗಿ, ಕುರೋದಾ ಸಾನ್‌ಗೆ ಕೇಳಿಸಿ, ಏಳಲು ಪ್ರಯತ್ನಿಸಿ ಆಗದೆ ಹೋಗಿದ್ದರೆ ಒಂದು ಬಗೆ. ಏನೂ ತಿಳಿಯದೆ ನಿದ್ದೆಯಲ್ಲೇ ಹೋಗಿದ್ದರೆ ಇನ್ನೊಂದು ಬಗೆ. ಗಂಡನ ಕೊನೆಯ ಹೊತ್ತು ಯಾವ ಬಗೆಯದು ಎಂದು ತಿಳಿಯದೆ ಅವರಿಗೆ ಮನೆಯಲ್ಲಿ ಮಲಗಲು ಆಗುತ್ತಿರಲಿಲ್ಲ. ನೋಡುತ್ತೇನೆ ಎಂದು ಹೇಳಿದೆ.

ನಾನು ಮಾಡಬಹುದಾದ್ದನ್ನೆಲ್ಲ ಮಾಡಿದೆ. ಆ ಪೆಟ್ಟಿಗೆ ಅಗ್ಗದ ನಮೂನೆ, ಯಾವಾಗ ಕೂಗಿತು ಎಂಬುದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಮುಚ್ಚಿದ ಕಪಾಟು, ಟವೆಲ್ ದಾಟಿ ಅದು ಕೂಗುವಷ್ಟು ವಿಷಗಾಳಿ ಒಳಗೆ ತಲುಪಿತೋ ಇಲ್ಲವೋ, ಅದನ್ನೂ ಹೇಳಲಾಗದು. ಅದನ್ನು ಅದೇ ಟವೆಲಿನಲ್ಲಿ ಸುತ್ತಿ, ಅದೇ ಕಪಾಟಿನಲ್ಲಿಟ್ಟೆ. ಗಾಡಿ ಒಪ್ಪಿಸುವ ಕೆಲಸ ಕಲಿಯುತ್ತಿದ್ದ ನಕಾನೋ ಸಾನ್ ಎಂಬ ಹೆಣ್ಣುಮಗಳು ಬಾಗಿಲು ಹಾಕಿಕೊಂಡು ಹಾಸಿಗೆಯ ಮೇಲೆ ಮಲಗಿದಳು. ನಾನು ಕಪಾಟಿಗೆ ಕೈ ತೂರಿಸಿ ಟವೆಲಿನ ಮೇಲಿಂದಲೇ ಗುಂಡಿ ಒತ್ತಿ ಕೂಗಿಸಿದಾಗ ಕೇಳಿಸಿತು, ಪಕ್ಕದ ಮನೆಯ ರೈಸ್ ಕುಕ್ಕರಿನ ಬೀಪ್ ಹಾಗೆ ಎಂದಳು. ಆಮೇಲೆ ನಾನು ಮಲಗಿದೆ, ಅವಳು ಕೂಗಿಸಿದಳು. ನನಗೆ ಕೇಳಿಸಿತೋ, ಕೇಳಿಸಬೇಕೆಂದು ಕಾಯುತ್ತಿದ್ದೆನಾದ್ದರಿಂದ ಕೇಳಿಸಿದಂತಾಯಿತೋ, ಹೇಳಲಾರೆ. ಕುರೋದಾ ಸಾನ್ ನನಗಿಂತ ಹಿರಿಯರು. ಆ ಗಾಳಿ ಮೊದಲು ಮಂಕು ಕವಿಸುತ್ತದೆ, ಆಮೇಲೆ ಕಿವಿ ಇದ್ದರೂ ಪ್ರಯೋಜನವಿಲ್ಲ. ನಕಾನೋ ಸಾನ್ ಹೊರಗೆ ಬಂದವಳು ತುಂಬಾ ಹೊತ್ತು ಟವೆಲನ್ನು ಮಡಿಸುತ್ತಾ ಕೂತಳು. ನಾನು ಮಿಚಿಕೋ ಸಾನ್‌ಗೆ ಫೋನ್ ಮಾಡಿ, ಅಲಾರಂ ಕೆಟ್ಟಿರಲಿಲ್ಲ, ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ ಎಂದೆ. ಸುಳ್ಳು ಹೇಳದೆ ಇದ್ದದ್ದಕ್ಕೆ ಅರಿಗಾತೋ ಎಂದು ಹೇಳಿ ಫೋನಿಟ್ಟರು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಮುಂದಿನದು ಮುಖ್ಯ.

ಕುರೋದಾ ಸಾನ್ ನಿವೃತ್ತರಾದ ಮೇಲೆ ನಮ್ಮ ಯಾರ್ಡಿನ ಪದ್ಧತಿ ಬದಲಾಗಿತ್ತು. ಹೊಸ ಮ್ಯಾನೇಜರ್ ಓತಾ ಸಾನ್ ಕೆಟ್ಟವರೇನಲ್ಲ, ನನ್ನ ಮಗನ ವಯಸ್ಸು. ಅವರು ಬಂದಾಗ ಯಾರ್ಡಿನ ಸುತ್ತ ಗದ್ದೆಗಳು ಹೋಗಿ ಮನೆಗಳಾಗಿದ್ದವು. ಅಲಾರಂ ಸದ್ದಿನ ಬಗ್ಗೆ ಒಂದು ಮನೆಯಿಂದ ದೂರು ಬಂತು, ಮಗು ಬೆಚ್ಚಿಬೀಳುತ್ತದೆ ಎಂದು. ಅಂದಿನಿಂದ ಗುಂಡಿ ಒತ್ತುವುದು ನಿಂತು, ಗ್ರಾಹಕರ ಫೋನಿಗೆ ವಿಡಿಯೊ ಕಳಿಸುವುದು ಶುರುವಾಯಿತು. ವಿಡಿಯೊದಲ್ಲಿ ಎಲ್ಲವೂ ಇದೆ, ಚಿಕ್ಕ ಕೊಳವೆಯೂ ಇದೆ, ಅಲಾರಂ ಸದ್ದೂ ಇದೆ. ಜನ ಅದನ್ನು ರೈಲಿನಲ್ಲಿ ಕೂತು, ಸದ್ದು ಆಫ್ ಮಾಡಿ ನೋಡುತ್ತಾರೆ. ಇಲ್ಲಿಯ ರೈಲಿನಲ್ಲಿ ಫೋನಿನ ಸದ್ದು ಇಡುವವರು ಯಾರಿದ್ದಾರೆ.

ನನ್ನ ಕೊನೆಯ ಚಳಿಗಾಲ ಬರುವ ಮುಂಚೆ ಓತಾ ಸಾನ್ ಬಳಿ ಹೋಗಿ, ಗುಂಡಿ ಒತ್ತುವುದನ್ನು ಮತ್ತೆ ಶುರುಮಾಡಬೇಕು ಎಂದೆ. ಅವರಿಗೂ ಕುರೋದಾ ಸಾನ್ ವಿಷಯದಲ್ಲಿ ದುಃಖವಿತ್ತು. ಆದರೆ ಅಕ್ಕಪಕ್ಕದವರಿಗೆ ಏನು ಹೇಳುವುದು ಎಂದರು. ನನಗೆ ಆ ದಿನ ಸಮಾಧಾನವಿರಲಿಲ್ಲ. ತಲೆ ಕೆಟ್ಟಂತೆ ಯಾರ್ಡು ಸುತ್ತಿದೆ. ಇಲ್ಲಿ ಮನೆ ಕಟ್ಟುವವರು ಕೆಲಸ ಶುರುವಾಗುವ ಮೊದಲು ಸುತ್ತಲಿನ ಮನೆಗಳಿಗೆ ಹೋಗಿ, ಸಿಹಿ ಕೊಟ್ಟು, ಮುಂದೆ ಆಗುವ ಸದ್ದಿಗೆ ಮೊದಲೇ ಕ್ಷಮೆ ಕೇಳಿಬರುತ್ತಾರೆ. ಕೇಳಿದ ಮೇಲೆ ಸುತ್ತಿಗೆಯ ಸದ್ದು ಸದ್ದಲ್ಲ. ಆ ರೂಢಿಯನ್ನು ನಾವೂ ಮಾಡೋಣ ಎಂದು ಮತ್ತೆ ಒಳಗೆ ಹೋಗಿ ಹೇಳಿದೆ.

"ಅದು ಒಂದು ಸಲದ ಸದ್ದಿಗೆ. ನಮ್ಮದು ಪ್ರತಿವಾರದ್ದು" ಎಂದರು ಓತಾ ಸಾನ್.

ಪ್ರತಿವರ್ಷ ಹೋಗೋಣ ಎಂದೆ. ಅವರು ಕ್ಯಾಲೆಂಡರ್ ನೋಡಿದರು, ಕಿಟಕಿಯಿಂದ ಹೊರಗೆ ನೋಡಿದರು. ಕೊನೆಗೆ, ಸಿಹಿ ಅಂಗಡಿಯದೇ ಇರಲಿ, ಒಂದೊಂದೂ ಬೇರೆ ಬೇರೆ ಕಾಗದದಲ್ಲಿ ಸುತ್ತಿರಬೇಕು, ನೀವು ಮನೆಯಲ್ಲಿ ಮಾಡಿದ್ದು ಬೇಡ ಎಂದರು. ಅವರು ನನ್ನ ಮನೆಯವಳ ಕೊಬ್ಬರಿ ಮಿಠಾಯಿ ತಿಂದು ಹಲ್ಲು ನೋಯಿಸಿಕೊಂಡಿದ್ದರು.

ಅವರು, ನಾನು, ನಕಾನೋ ಸಾನ್ ಮೂವರೂ ಮನೆಮನೆಗೆ ಹೋದೆವು. ಶನಿವಾರ ಬೆಳಿಗ್ಗೆ ಗಾಡಿ ಒಪ್ಪಿಸುವ ಹೊತ್ತಿನಲ್ಲಿ ಮಾತ್ರ ಕೂಗಿಸುತ್ತೇವೆ ಎಂದು ಹೇಳಿದೆವು. ದೂರು ಕೊಟ್ಟಿದ್ದ ತಾಯಿ, ಎರಡನೆಯ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಬಂದು, ಹೊತ್ತು ಮೊದಲೇ ಗೊತ್ತಿದ್ದರೆ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ, ಅಷ್ಟೇ ಬೇಕಿತ್ತು ಎಂದಳು. ಓತಾ ಸಾನ್ ಕಿವಿ ಕೆಂಪಾಯಿತು. ಇಷ್ಟು ವರ್ಷ ಅವಳನ್ನು ಯಾರೂ ಕೇಳಿರಲಿಲ್ಲ.

ಮೂಲೆಮನೆಯ ಮುದುಕರು ಬಾಗಿಲಲ್ಲೇ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿಕೊಂಡರು. ಆ ಸದ್ದು ಏನು, ಯಾಕೆ ಎಂದೆಲ್ಲ ವಿಚಾರಿಸಿದರು. ಅವರೂ ಬೇಸಿಗೆಯಲ್ಲಿ ವ್ಯಾನಿನಲ್ಲಿ ಮೀನು ಹಿಡಿಯಲು ಹೋಗುವವರಂತೆ. ಕೊನೆಗೆ ಕೇಳಿದರು. "ನಿಮ್ಮ ಯಾರ್ಡಿನಲ್ಲಲ್ಲ, ಬೇರೆಲ್ಲೋ, ಗುರುತಿಲ್ಲದವರ ಗಾಡಿಯಿಂದ ಆ ಸದ್ದು ಬಂದರೆ ನಾನೇನು ಮಾಡಬೇಕು?"

"ಬಾಗಿಲು ಬಡಿಯಿರಿ" ಎಂದೆ.

"ಮಲಗಿದವರ ಬಾಗಿಲನ್ನಾ?"

"ಹೌದು. ತೆಗೆಯದಿದ್ದರೆ ಕಿಟಕಿ ಒಡೆಯಿರಿ."

ಅವರು ಸಿಹಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಯೋಚಿಸಿದರು. ನಿದ್ದೆಗೆಡಿಸಿದ್ದಕ್ಕೆ ಆಮೇಲೆ ಕ್ಷಮೆ ಕೇಳಿದರಾಯಿತು ಅಲ್ಲವೇ ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ನಕಾನೋ ಸಾನ್ ರಸ್ತೆಗೆ ಬಂದ ಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಓತಾ ಸಾನ್ ಮುಂದಿನ ಮನೆಯ ಹೆಸರಿನ ಫಲಕವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಓದಿದರು.

ಆ ಚಳಿಗಾಲ ಪ್ರತಿ ಗಾಡಿಯಲ್ಲೂ ಗುಂಡಿ ಒತ್ತಿದೆವು. ನಾನು ಬಿಟ್ಟ ಮೇಲೆ ನಕಾನೋ ಸಾನ್ ಒತ್ತುತ್ತಿದ್ದಾಳೆ. ಈ ವರ್ಷ ಮುಖ್ಯ ಕಚೇರಿಯಿಂದ ಹೊಸ ಮಾತು ಬಂದಿದೆ. ಗಾಡಿಯ ಕೀಲಿಯನ್ನು ಪೆಟ್ಟಿಗೆಯಲ್ಲಿಟ್ಟು, ಫೋನಿಗೆ ಸಂಖ್ಯೆ ಕಳಿಸಿ, ಗ್ರಾಹಕರು ತಾವೇ ತೆಗೆದುಕೊಂಡು ಹೋಗುವಂತೆ ಮಾಡಬೇಕಂತೆ. ಒಪ್ಪಿಸಲು ಮನುಷ್ಯರೇ ಬೇಡ. ನಕಾನೋ ಸಾನ್ ಒಪ್ಪಿಲ್ಲ. ಚಳಿಗಾಲದ ಗಾಡಿಗಳನ್ನಾದರೂ ಬಿಡಿ ಎಂದು ಪಟ್ಟು ಹಿಡಿದಿದ್ದಾಳೆ. ಓತಾ ಸಾನ್ ಅವಳ ಪರ ನಿಂತಿದ್ದಾರೆ. ಏನಾಗುತ್ತದೋ ತಿಳಿಯದೆ ನಾನು ವಾರಕ್ಕೊಮ್ಮೆ ಏನಾದರೊಂದು ನೆಪ ಮಾಡಿಕೊಂಡು ಯಾರ್ಡಿಗೆ ಹೋಗುತ್ತೇನೆ. ನೀವು ಇಂಥ ಯಾರ್ಡುಗಳಿಗೆ ಕೆಲಸಕ್ಕೆ ಬಂದರೆ, ನಿಮ್ಮ ಮೇಲಿನವರು ಏನೇ ಹೇಳಲಿ, ಜನರನ್ನು ಒಳಗೆ ಕೂರಿಸಿ ಅದನ್ನು ಕೂಗಿಸಿ. ಅದು ಕೂಗುವ ಜಾಗ ತಲೆಯ ಬಳಿ, ತೆರೆದಂತೆ ಇರಬೇಕು. ಮುಚ್ಚಿಟ್ಟರೆ ಅದು ಇದ್ದೂ ಇಲ್ಲ. ಚಿಕ್ಕ ಕೊಳವೆಯ ಹಿಮ ತೆಗೆದ ಮೇಲೆ ಛಾವಣಿಯ ಹಿಮವನ್ನೂ ಕೆಡವಿ. ಇದನ್ನು ಕುರೋದಾ ಸಾನ್ ನಮಗೆ ಹೇಳಿಕೊಟ್ಟಿರಲಿಲ್ಲ. ಈಗ ಎಲ್ಲರಿಗೂ ಹೇಳಿಕೊಡುತ್ತೇವೆ.

ಹೋದ ಶನಿವಾರ ಹರೀಶ್ ಬಂದಿದ್ದ, ಅತ್ತೆಮಾವನಿಗೆ ಹಿಮ ತೋರಿಸಲು. ಮಗಳು ಉದ್ದವಾಗಿದ್ದಾಳೆ, ನನ್ನನ್ನು ಈಗ ಬಸು ಸಾನ್ ಎನ್ನುತ್ತಾಳೆ. ನಕಾನೋ ಸಾನ್ ಬಾಗಿಲು ಹಾಕಿ ಗುಂಡಿ ಒತ್ತಿದಾಗ ಹರೀಶನ ಮಾವ ಮಂತ್ರ ಹೇಳತೊಡಗಿದರು. "ಏನಮ್ಮಾ ಇದು, ಪ್ರಾಣ ಹೋಗೋ ಹಾಗೆ ಕೂಗುತ್ತೆ" ಎಂದರು ಅತ್ತೆ. ಎಲ್ಲರೂ ಬರಿಗಾಲಲ್ಲಿ ಇಳಿದರು. ಚಪ್ಪಲಿಗೆ ಕೈ ಹಾಕಿದ ಅಜ್ಜಿಯನ್ನು ಮೊಮ್ಮಗಳು ತಡೆದಳು.

ಅಲ್ಲಿಂದ ನಾನು ಮಿಚಿಕೋ ಸಾನ್ ಮನೆಗೆ ಹೋದೆ. ತಿಂಗಳಿಗೊಮ್ಮೆ ಹೋಗುತ್ತೇನೆ. ಕುರೋದಾ ಸಾನ್ ಫೋಟೋದ ಮುಂದೆ ಅಗರಬತ್ತಿ ಹಚ್ಚಿದೆ. ಯಾರ್ಡಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಚಹಾ ತಂದಿಟ್ಟು ಎದುರಿಗೆ ಕೂತರು. ಅದು ಕೂಗಿತಾ ಎಂದು ಈ ಸಲ ಅವರು ಕೇಳಲಿಲ್ಲ, ಆದರೆ ಕೇಳಬೇಕೆಂದು ಬಾಯಿ ತೆರೆದದ್ದು ಕಾಣಿಸಿತು. ಹೊಸದಾಗಿ ಏನೂ ತಿಳಿದಿಲ್ಲ ಎಂದು ನಾನು ತಲೆಯಾಡಿಸಿದೆ.

ಆ ರಾತ್ರಿ ಅದು ಕೂಗಿತೋ ಇಲ್ಲವೋ ನಮಗೆ ಇನ್ನೂ ಗೊತ್ತಿಲ್ಲ.